ಕೂತ್ಕೊಳ್ಳಿ ಅಂಕಲ್

ನಮ್ಮವರಿಗೆ ಹಿರಿಯರೊಬ್ಬರು ಕಣ್ಣಿಗೆ ಬಿದ್ದರೆ ಸಾಕು, ಮೊದಲು ಕುರ್ಚಿ ಹುಡುಕುತ್ತಾರೆ. ಅವರಿಗೆ ಕಾಲು ನೋಯುತ್ತಿದೆಯೇ, ನಿಂತಿರುವುದೇ ಇಷ್ಟವೇ, ಎಲ್ಲಿಗಾದರೂ ಹೊರಟಿದ್ದಾರೆಯೇ ಎಂದು ಕೇಳುವ ಪೈಕಿ ಅಲ್ಲ. ಕೂರಿಸಬೇಕು, ಕೈಗೊಂದು ಕಾಫಿ ಕೊಡಬೇಕು, ಆಮೇಲೆ ಅವರಿಗೆ ಬೆನ್ನು ಹಾಕಿ ನಮ್ಮ ಕೆಲಸ ನೋಡಿಕೊಳ್ಳಬೇಕು. ಇದಕ್ಕೆ ನಾವು ಗೌರವ ಎಂದು ಹೆಸರಿಟ್ಟಿದ್ದೇವೆ. ನಾನೂ ಹಾಗೆ ಬೆಳೆದವಳೇ. ಬಾಗಲಕೋಟೆಯಲ್ಲಿ ಅಜ್ಜನ ಕೈಯಿಂದ ನೀರಿನ ಚರಿಗೆ ಕಸಿದುಕೊಂಡು ಶಹಬ್ಬಾಸ್ ಅನ್ನಿಸಿಕೊಂಡವಳು. ಹೀಗೆ ಕೂರಿಸಿ ಕೂರಿಸಿಯೇ ನಾವು ಪರದೇಶದಲ್ಲಿ ನಮ್ಮ ಊರಾದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಒಬ್ಬ ಮನುಷ್ಯನನ್ನು ಕಳೆದುಕೊಂಡೆವು.

ಅವರು ಡೆನ್ಮಾರ್ಕಿನವರು. ನಮ್ಮ ಸಬರ್ಬಿನಲ್ಲಿ ಮಕ್ಕಳ ಸಾಕರ್ ಲೀಗ್ ಕಟ್ಟಿದವರು. ಕಟ್ಟಿದವರು ಎಂದು ಅವರ ಎದುರು ಅಂದಿದ್ದರೆ ಮುಖ ಸಿಂಡರಿಸುತ್ತಿದ್ದರು. ಅಧ್ಯಕ್ಷ, ಸ್ಥಾಪಕ ಇತ್ಯಾದಿ ಪದಗಳೆಂದರೆ ಅವರಿಗೆ ಆಗುತ್ತಿರಲಿಲ್ಲ. ಯಾರಾದರೂ ಹೊಸಬರು ನೀವು ಯಾರು ಎಂದು ಕೇಳಿದರೆ "ಯಾವ ಟೀಮು ಯಾವ ಮೈದಾನಕ್ಕೆ ಹೋಗಬೇಕು ಅಂತ ಹೇಳುವವನು" ಎನ್ನುತ್ತಿದ್ದರು, ಅಷ್ಟೇ. ಅವರ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ನಾವು ಹಾಫ್‌ಮನ್ ಎಸ್ಟೇಟ್ಸ್‌ಗೆ ಬಂದ ಹೊಸತು. ನನಗೆ ಡೆಸ್ ಪ್ಲೇನ್ಸ್‌ನಲ್ಲಿ, ವಿಮಾನ ನಿಲ್ದಾಣದ ಪಕ್ಕ, ಸರಕು ಸಾಗಣೆಯ ಕಂಪನಿಯೊಂದರಲ್ಲಿ ಇಂಜಿನಿಯರ್ ಕೆಲಸ. ಮಗಳು ಆಗ ಎರಡನೇ ಕ್ಲಾಸು. ಶಾಲೆಯಲ್ಲಿ ಎಲ್ಲರೂ ಆಡುತ್ತಾರೆ ಎಂದು ಹಠ ಹಿಡಿದಳು, ಸಾಕರ್‌ಗೆ ಸೇರಿಸಿದೆವು. ಏಪ್ರಿಲ್ ತಿಂಗಳ ಶನಿವಾರ, ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನಲವತ್ತು ಡಿಗ್ರಿಯ ಚಳಿ. ಮಗಳನ್ನು ಮೈದಾನಕ್ಕೆ ಬಿಟ್ಟು ನಾನು ಕಾರಿನೊಳಗೆ ಹೀಟರ್ ಹಾಕಿಕೊಂಡು ಥರ್ಮಾಸಿನ ಚಹಾ ಕುಡಿಯುತ್ತ ಕೂತಿದ್ದೆ. ಎತ್ತರದ, ಕೆಂಪು ಮೂಗಿನ ಮುದುಕರೊಬ್ಬರು ಬಂದು ಕಿಟಕಿಯ ಗಾಜು ಬಡಿದರು. ಗಾಜು ಇಳಿಸಿದೆ.

"ನಿನಗೆ ಎರಡು ಕೈ ಇವೆಯೇ?" ಎಂದು ಕೇಳಿದರು.

ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ಮಾತು ಇದೇ. ನನಗೆ ಮೈ ಉರಿದುಹೋಯಿತು. ನಮಸ್ಕಾರವಿಲ್ಲ, ಗುಡ್ ಮಾರ್ನಿಂಗ್ ಇಲ್ಲ, ಇದೇನು ಕೇಳುವ ರೀತಿ. ಇವೆ ಎಂದೆ ಗಡುಸಾಗಿ. ಮೈದಾನದ ಮೂಲೆಗಳಿಗೆ ನೆಡುವ ಒಂದು ಹೊರೆ ಬಾವುಟಗಳನ್ನು ಕಿಟಕಿಯೊಳಗೆ ತೂರಿಸಿ, "ಆ ಮೂಲೆಯಿಂದ ಶುರು ಮಾಡು" ಎಂದು ಹೇಳಿ ಮುಂದಿನ ಕಾರಿಗೆ ಹೋದರು. ಚಹಾ ಅಲ್ಲೇ ಆರಿತು. ಬಾವುಟ ಚುಚ್ಚುವಾಗ ಆ ಬದಿಯ ಗೋಲಿನ ಬಲೆ ಕಟ್ಟುತ್ತಿದ್ದ ಮೆಕ್ಸಿಕೊದ ಹೆಂಗಸು ಪರಿಚಯವಾದಳು, ಈ ಬದಿಯ ಬಲೆಯಲ್ಲಿ ಸಿಕ್ಕಿಕೊಂಡಿದ್ದ ಪೋಲೆಂಡಿನ ಗಂಡಸನ್ನು ಬಿಡಿಸಿದೆ, ಇಬ್ಬರೂ ನಮ್ಮ ಬಡಾವಣೆಯವರೇ ಎಂದು ಆಮೇಲೆ ತಿಳಿಯಿತು. ಆ ಊರಿಗೆ ಬಂದು ಇಡೀ ಚಳಿಗಾಲ ಕಳೆದಿದ್ದರೂ ಪಕ್ಕದ ಮನೆಯವರ ಮುಖ ನೋಡಿರದ ನನಗೆ ಒಂದೇ ಬೆಳಿಗ್ಗೆ ಊರು ಸಿಕ್ಕಂತಾಯಿತು.

ಆಮೇಲಾಮೇಲೆ ಅರ್ಥವಾಯಿತು, ಅದೇ ಅವರ ಸ್ವಾಗತ. ನಾವು ಬಂದವರನ್ನು ಕೂರಿಸುತ್ತೇವೆ, ಅವರು ಬಂದವರ ಕೈಗೆ ಕೆಲಸ ಕೊಡುತ್ತಿದ್ದರು. ಯಾರದಾದರೂ ಕೈಗೆ ಏನೂ ಕೊಡದೆ ಅವರು ಹಾದುಹೋದರೆ ಆ ಮನುಷ್ಯನ ಮೇಲೆ ಅವರಿಗೆ ಬೇಜಾರಾಗಿದೆ ಎಂದು ತಿಳಿದುಕೊಳ್ಳಬೇಕಿತ್ತು.

ಮುಂದಿನ ವರ್ಷಕ್ಕೆ ನಾನು ಲೀಗಿನಲ್ಲಿ ಮಕ್ಕಳ ನೋಂದಣಿ ನೋಡಿಕೊಳ್ಳುವವಳಾದೆ. ಅದನ್ನೂ ಅವರು ಕೇಳಿ ಕೊಟ್ಟದ್ದಲ್ಲ, ಕೈಗೆ ತುರುಕಿದ್ದು. ಹಾಗಾಗಿ ಅವರ ಮನೆಗೆ ಹೋಗಿಬರುವುದು ಶುರುವಾಯಿತು. ಸಣ್ಣ ಮನೆ, ಒಂದೇ ಮಹಡಿ. ಊಟದ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿಕೊಂಡು ಪ್ರತಿ ಗುರುವಾರ ಸಂಜೆ ಅವರು ಒಬ್ಬೊಬ್ಬ ಕೋಚ್‌ಗೂ ಫೋನ್ ಮಾಡುತ್ತಿದ್ದರು. ಶನಿವಾರದ ಆಟದ ಬಗ್ಗೆ ಮಾತಾಡುವುದು ಒಂದು ನಿಮಿಷ. ಉಳಿದದ್ದೆಲ್ಲ, ಮಂಡಿ ಹೇಗಿದೆ, ತಾಯಿ ಆಸ್ಪತ್ರೆಯಿಂದ ಬಂದರೇ, ನೈಟ್ ಶಿಫ್ಟ್ ಮುಗಿಯಿತೇ. ಯಾರಿಗಾದರೂ ತೊಂದರೆ ಇದ್ದರೆ ರಬ್ಬರಿನಿಂದ ಅಳಿಸಿ ಅವರ ಆಟವನ್ನು ಮಧ್ಯಾಹ್ನಕ್ಕೆ ಹಾಕುತ್ತಿದ್ದರು. ಅವರ ಹೆಂಡತಿ ಪಕ್ಕದಲ್ಲಿ ಕೂತು ಕಪ್ಪು ರೈ ಬ್ರೆಡ್ ಕೊಯ್ದು ಬೆಣ್ಣೆ ಸವರುತ್ತ, ನನ್ನ ಕಡೆ ನೋಡಿ ನಗುತ್ತಿದ್ದರು. ಆ ಬ್ರೆಡ್ಡು ನನಗೆ ಸೇರುತ್ತಿರಲಿಲ್ಲ. ಆದರೂ ತಿಂದೆ, ವರ್ಷಗಟ್ಟಲೆ ತಿಂದೆ.

ಅವರು ಎಳೆಯ ವಯಸ್ಸಿನಲ್ಲಿ ಡೆಸ್ ಪ್ಲೇನ್ಸ್‌ನ ಒಂದು ಫ್ಯಾಕ್ಟರಿಗೆ ಅಚ್ಚು ತಯಾರಿಸುವ ಕೆಲಸಕ್ಕೆ ಬಂದವರು. ಒಂದೆರಡು ವರ್ಷ ಇದ್ದು ವಾಪಸ್ ಹೋಗುವ ಯೋಚನೆ. ಆಗ ಇಲ್ಲೆಲ್ಲ ಮೆಕ್ಕೆಜೋಳದ ಹೊಲ. ಇಲ್ಲಿನವರಿಗೆ ಫುಟ್‌ಬಾಲ್ ಎಂದರೆ ತಲೆಗೆ ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ಕಾಲಿನಲ್ಲಿ ಆಡುವ ಆಟಕ್ಕೆ ಜಾಗ ಕೊಡಿ ಎಂದು ಪಾರ್ಕಿನವರನ್ನು ಕೇಳಿದ್ದಕ್ಕೆ ಮಳೆನೀರಿನ ಹೊಂಡದ ಪಕ್ಕದ ಇಳಿಜಾರು ಕೊಟ್ಟರಂತೆ. ಚೆಂಡು ಗೋಲಿಗೆ ಹೋದದ್ದಕ್ಕಿಂತ ಹೊಂಡಕ್ಕೆ ಹೋದದ್ದೇ ಹೆಚ್ಚು. ಹೆಂಡತಿ ಹಳೆಯ ಬೆಡ್‌ಶೀಟು ಹರಿದು, ಒಂದು ಟೀಮಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಬಣ್ಣ ಅದ್ದಿ, ಅಂಗಿ ಹೊಲಿದರು. ಒಗೆದ ಮೇಲೆ ಎರಡೂ ನೇರಳೆಯಾದವು. ಇದನ್ನು ಹೇಳುವಾಗ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು.

ಈ ಹುಚ್ಚು ಅವರಿಗೆ ಅಜ್ಜನಿಂದ ಬಂದದ್ದು. ಅಜ್ಜ ಡೆನ್ಮಾರ್ಕಿನ ಒಂದು ಬಂದರಿನ ಊರಿನಲ್ಲಿ ಹಡಗು ಕಚೇರಿಯ ಗುಮಾಸ್ತ. ಆ ದೇಶದಲ್ಲಿ ಫುಟ್‌ಬಾಲ್ ಇನ್ನೂ ಕಣ್ಣು ಬಿಡುತ್ತಿದ್ದ ಕಾಲ. ಊರಲ್ಲಿ ಚೆಂಡು ಇತ್ತು, ಆಡುವ ಹುಡುಗರಿದ್ದರು, ಎದುರಾಳಿಗಳಿರಲಿಲ್ಲ. ಅಜ್ಜ ಸುತ್ತಲಿನ ಊರುಗಳಿಗೆಲ್ಲ ಪತ್ರ ಬರೆದು ಕರೆಸಿದರು. ದೋಣಿ ಕಟ್ಟೆಗೆ ಕೊಡೆ ಹಿಡಿದುಕೊಂಡು ಹೋಗಿ ಅವರನ್ನು ಎದುರುಗೊಂಡರು, ಹುಲ್ಲುಗಾವಲಿನ ಒಡೆಯನ ಕಾಲು ಹಿಡಿದು ಭಾನುವಾರ ಮಾತ್ರ ಹಸುಗಳನ್ನು ಬೇರೆ ಕಡೆ ಹೊಡೆಸಿದರು, ಎರಡು ಊರು ಹೊಡೆದಾಡಿಕೊಂಡಾಗ ನಡುವೆ ನಿಂತು ಎರಡೂ ಕಡೆಯವರಿಂದ ಬೈಸಿಕೊಂಡರು. ಆಡಲು ಮಾತ್ರ ಬರುತ್ತಿರಲಿಲ್ಲ. "ನಮ್ಮ ಮನೆತನದಲ್ಲಿ ಗೋಲು ಹೊಡೆದವರು ಯಾರೂ ಇಲ್ಲ, ನಾವು ಗೋಲಿನ ಕಂಬ ನೆಟ್ಟವರು" ಎನ್ನುತ್ತಿದ್ದರು ಇವರು. ಆ ಅಜ್ಜ ತೀರಿಕೊಂಡ ವಾರವೂ ಮೈದಾನಕ್ಕೆ ಹೋಗಿ ಸುಣ್ಣದ ಗೆರೆ ಎಳೆದು ಬಂದಿದ್ದರಂತೆ.

"ಅದೃಷ್ಟವಂತ" ಎಂದರು ಇವರು. ಸುಮ್ಮನೆ ಅಂದ ಮಾತಲ್ಲ ಅದು. ಹೊಟ್ಟೆಕಿಚ್ಚಿನಿಂದ ಅಂದದ್ದು. ಈ ಮನುಷ್ಯನಿಗೆ ಜೀವನದಲ್ಲಿ ಬೇಕಾಗಿದ್ದದ್ದು ಅದೊಂದೇ, ಕೊನೆಯವರೆಗೂ ಶನಿವಾರ ಬೆಳಿಗ್ಗೆ ಮೈದಾನದಲ್ಲಿ ಏನಾದರೂ ಕೆಲಸ ಇರಬೇಕು. ನನ್ನ ಎದುರೇ ಹೇಳಿದ್ದರು. ನಾನು ಆ ಬ್ರೆಡ್ಡು ಅಗಿಯುತ್ತ ತಲೆಯಾಡಿಸಿದ್ದೆ.

ವರ್ಷಗಳು ಕಳೆದ ಹಾಗೆ ಮೈದಾನದಲ್ಲಿ ನಮ್ಮವರು ಹೆಚ್ಚಾದರು. ಹುಬ್ಬಳ್ಳಿಯವರು, ಮೈಸೂರಿನವರು, ಬೆಂಗಳೂರಿನವರು, ಜೊತೆಗೆ ತೆಲುಗರು, ಗುಜರಾತಿಗಳು. ಮಕ್ಕಳಿಗೆಲ್ಲ ಅವರು ಅಂಕಲ್ ಆದರು. ಮೊದಮೊದಲು ಅವರಿಗೆ ಗೊಂದಲ, "ಇವರೆಲ್ಲ ನನಗೆ ಹೇಗೆ ಸಂಬಂಧ?" ಎಂದು ನನ್ನನ್ನು ಕೇಳಿದ್ದರು. ಆಮೇಲೆ ಅಪ್ಪ ಅಮ್ಮಂದಿರೂ ಅಂಕಲ್ ಎನ್ನತೊಡಗಿದರು. ಅಲ್ಲಿಂದಲೇ ಕೆಟ್ಟದ್ದು. ಅಂಕಲ್ ಆದಮೇಲೆ ಭಾರ ಹೊರಲು ಬಿಡುವುದುಂಟೇ?

ನನ್ನ ಗಂಡ ಮೈಸೂರಿನವರು, ಮರ್ಯಾದೆಯ ವಿಷಯದಲ್ಲಿ ಎತ್ತಿದ ಕೈ. ಒಂದು ಶನಿವಾರ ಆ ಮುದುಕರು ಗೆರೆ ಎಳೆಯುವ ಮೂರು ಚಕ್ರದ ಗಾಡಿ ತಳ್ಳುತ್ತಿದ್ದರು. ನನ್ನ ಗಂಡ ಓಡಿಹೋಗಿ ಹಿಡಿ ಕಸಿದುಕೊಂಡರು.

"ಬಿಡಿ ಅಂಕಲ್, ನಾವೆಲ್ಲ ಇದೀವಲ್ಲ. ನೀವು ಕೂತ್ಕೊಳ್ಳಿ."

"ನಾನು ಚೆನ್ನಾಗಿದ್ದೇನೆ" ಎಂದರು ಅವರು.

"ಗೊತ್ತು ಅಂಕಲ್, ಆದ್ರೂ ಕೂತ್ಕೊಳ್ಳಿ."

ಅಷ್ಟರಲ್ಲಿ ಯಾರೋ ಮಡಿಸುವ ಕುರ್ಚಿ ತಂದರು, ಇನ್ಯಾರೋ ಬಿಸಿಲಿಗೆ ಕೊಡೆ ನಿಲ್ಲಿಸಿದರು, ನಾನೇ ಥರ್ಮಾಸಿನಿಂದ ಕಾಫಿ ಬಗ್ಗಿಸಿ ಕೊಟ್ಟೆ. ಅವರು ಕೂತರು. ಕೂತು ತಮ್ಮ ಎರಡು ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡರು. ನನ್ನ ಗಂಡ ಎಳೆದ ಗೆರೆ ಹಾವಿನ ಹಾಗೆ ಹೋಗಿತ್ತು, ಅವರು ಅದನ್ನೇ ನೋಡುತ್ತಿದ್ದರು. ನಮಗೆ ಸಂತೋಷವಾಯಿತು, ಪಾಪ, ಸ್ವಲ್ಪ ವಿಶ್ರಾಂತಿ ಸಿಕ್ಕಿತಲ್ಲ ಎಂದು.

ಮುಂದಿನ ವಾರ ಬಲೆ ಕಟ್ಟಲು ಎದ್ದರು, ಕೂತ್ಕೊಳ್ಳಿ ಅಂಕಲ್. ಅದರ ಮುಂದಿನ ವಾರ ಶೆಡ್ಡಿನಿಂದ ಚೆಂಡಿನ ಚೀಲ ತರಲು ಹೊರಟರು, ಅಯ್ಯೋ ಕೂತ್ಕೊಳ್ಳಿ ಅಂಕಲ್. ಆ ವರ್ಷವೇ ಅವರ ಹೆಂಡತಿ ತೀರಿಕೊಂಡರು. ಆಮೇಲಂತೂ ಕೇಳಲೇಬೇಡಿ. ಹೆಂಡತಿಯನ್ನು ಕಳೆದುಕೊಂಡ ಮುದುಕರು ಬಗ್ಗಿ ಒಂದು ಚೆಂಡು ಎತ್ತಿದರೂ ನಮ್ಮ ಹೆಂಗಸರ ಕಣ್ಣಲ್ಲಿ ನೀರು. ಒಬ್ಬೊಬ್ಬರು ಒಂದೊಂದು ದಿನ ಅವರ ಮನೆಗೆ ಊಟ ಕಳಿಸಿದೆವು, ಚಿತ್ರಾನ್ನ, ಬಿಸಿಬೇಳೆ ಭಾತು, ನಾನು ಜೋಳದ ರೊಟ್ಟಿ. ಡಬ್ಬಿ ತೊಳೆದು, ಒರೆಸಿ, ವಾಪಸ್ ತಂದುಕೊಡುತ್ತಿದ್ದರು. ಮನೆಯಲ್ಲಿ ಆಗ ಅವರಿಗೆ ಅದೊಂದೇ ಕೆಲಸ.

ಗುರುವಾರದ ಫೋನುಗಳೂ ಆಗಲೇ ನಿಂತವು. ಬೆಂಗಳೂರಿನ ಯುವ ದಂಪತಿ ಒಂದು ಆ್ಯಪ್ ತಂದರು, ಆಟದ ವೇಳಾಪಟ್ಟಿ ತಾನೇ ಮಾಡಿ ಎಲ್ಲರ ಫೋನಿಗೂ ಕಳಿಸುತ್ತದೆ. ಆಫೀಸಿನಲ್ಲಿ ದಿನವಿಡೀ ನಾನು ಮಾಡುವ ಕೆಲಸವೂ ಅಂಥದ್ದೇ, ಹಾಗಾಗಿ ನಾನೇ ಮುಂದೆ ನಿಂತು ಹೌದೌದು ಎಂದೆ. ಅವರಿಗೆ ತೋರಿಸಿದಾಗ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಇದು ಯಾರಿಗೂ ಫೋನ್ ಮಾಡುವುದಿಲ್ಲವೇ?" ಎಂದು ಕೇಳಿದರು. ಮಾಡಬೇಕಾಗಿಯೇ ಇಲ್ಲ ಅಂಕಲ್, ಅದೇ ಅನುಕೂಲ ಎಂದೆ. ಒಳ್ಳೆಯದು ಎಂದರು.

ನಂತರದ ನವೆಂಬರಿನಲ್ಲಿ ಕನ್ನಡ ಕೂಟದವರಿಗೆ ಸನ್ಮಾನ ಮಾಡುವ ಉಮೇದು ಬಂತು. ಇಷ್ಟು ಮಕ್ಕಳಿಗೆ ಇಷ್ಟು ಮಾಡಿದ್ದಾರೆ, ರಾಜ್ಯೋತ್ಸವದ ದಿನ ಅಂಕಲ್‌ಗೆ ಶಾಲು ಹೊದಿಸಲೇಬೇಕು ಎಂದರು. ಮನೆಯಲ್ಲಿ ಮಗಳ ಮುಂದೆ ಹೇಳಿದೆ. ಅವಳು ಆಗ ಹೈಸ್ಕೂಲು. ಅವಳ ಉತ್ತರ ಯಾವಾಗಲೂ ಇಂಗ್ಲಿಷಿನಲ್ಲೇ.

"ಡಿಡ್ ಎನಿಬಡಿ ಆಸ್ಕ್ ಹಿಮ್?"

"ಸನ್ಮಾನಕ್ಕ ಯಾರರ ಕೇಳ್ತಾರೇನ? ಬ್ಯಾಡ ಅಂತಾರ ಎಲ್ಲಾರೂ. ಮಾಡೂದು ನಮ್ಮ ಧರ್ಮ" ಎಂದು ಬಾಯಿ ಮುಚ್ಚಿಸಿದೆ.

ಹೈಸ್ಕೂಲಿನ ಸಭಾಂಗಣ. ಕಾರ್ಯಕ್ರಮ ಎಂದಿನಂತೆ ತಡ. ಅವರು ಹೇಳಿದ ಹೊತ್ತಿಗೆ ಸರಿಯಾಗಿ ಕೋಟು ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತವರು ಮಕ್ಕಳ ನೃತ್ಯ, ದೊಡ್ಡವರ ನಾಟಕ, ಮತ್ತೆ ಮಕ್ಕಳ ನೃತ್ಯ ಎಲ್ಲ ನೋಡಿ, ಹಿಂದೆ ಊಟದ ಸಾಲು ಶುರುವಾದ ಮೇಲೆ ವೇದಿಕೆ ಹತ್ತಿದರು. ಅಲ್ಲಿ ಒಂದು ಸಿಂಹಾಸನದಂಥ ಕುರ್ಚಿ, ಮದುವೆಗೆ ಬಾಡಿಗೆಗೆ ಕೊಡುವ ಪೈಕಿ. ಮೈಸೂರು ಪೇಟ ಅವರ ದೊಡ್ಡ ತಲೆಗೆ ಕೂರದೆ ಕಿವಿಯ ಕಡೆ ಜಾರುತ್ತಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ. ಬಿನ್ನವತ್ತಳೆಯನ್ನು ಕನ್ನಡದಲ್ಲಿ ಪೂರ್ತಿ ಓದಿದರು, ಅವರಿಗೆ ಒಂದಕ್ಷರ ತಿಳಿಯದಿದ್ದರೂ. ಕೊನೆಗೆ ಅಧ್ಯಕ್ಷರು ಮೈಕ್ ಹಿಡಿದು ಇಂಗ್ಲಿಷಿನಲ್ಲಿ ಹೇಳಿದರು, ಅಂಕಲ್ ಇಷ್ಟು ವರ್ಷ ದುಡಿದದ್ದು ಸಾಕು, ಇನ್ನು ಅವರು ಆರಾಮವಾಗಿರಲಿ, ಎಲ್ಲವನ್ನೂ ನಾವು ನೋಡಿಕೊಳ್ಳುತ್ತೇವೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕೈ ಕೆಂಪಾಗುವ ಹಾಗೆ.

ಕೆಳಗಿಳಿದ ಮೇಲೆ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಮುಖ ಸುಟ್ಟಂತೆ ಕೆಂಪಾಗಿತ್ತು. ಸಂಕೋಚ ಎಂದುಕೊಂಡೆ.

"ವಸಂತದ ಆಟಗಳಿಗೆ ಮೈದಾನ ಯಾರು ನೋಡುತ್ತಾರೆ?" ಎಂದು ಕೇಳಿದರು.

"ಎಲ್ಲಾ ನಾವು ಮಾಡ್ತೀವಿ ಅಂಕಲ್, ನೀವು ತಲೆ ಕೆಡಿಸಿಕೊಳ್ಳಬೇಡಿ" ಎಂದೆ. ಇದನ್ನು ಎಂಥ ಪ್ರೀತಿಯಿಂದ ಹೇಳಿದೆನೆಂದರೆ, ಈಗ ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ವಸಂತ ಬಂತು, ಅವರು ಮೈದಾನಕ್ಕೆ ಬರಲಿಲ್ಲ. ಆರಾಮ ಮಾಡುತ್ತಿದ್ದಾರೆ ಎಂದುಕೊಂಡೆವು. ಹಿರಿಯರನ್ನು ಪದೇಪದೇ ಫೋನ್ ಮಾಡಿ ಕಾಡಬಾರದು ಎಂದುಕೊಂಡೆವು. ಒಂದು ದಿನ ಶೆಡ್ಡಿನ ಬೀಗದ ಕೈಯನ್ನು ನಮ್ಮ ಮನೆಯ ಬಾಗಿಲಲ್ಲಿ ನನ್ನ ಗಂಡನ ಕೈಗೆ ಕೊಟ್ಟು, ಒಳಗೆ ಬನ್ನಿ ಎಂದರೂ ಬರದೆ ಹೋದರಂತೆ. ನಾನು ಆಫೀಸಿನಲ್ಲಿದ್ದೆ. ಶಾಲೆಗಳಿಗೆ ಬೇಸಿಗೆ ರಜೆ ಬರುವ ಹೊತ್ತಿಗೆ ಅವರ ಮನೆಯ ಮುಂದೆ ಮಾರಾಟದ ಬೋರ್ಡು ನಿಂತಿತ್ತು. ಮಿಶಿಗನ್‌ನ ಲಿವೋನಿಯಾದಲ್ಲಿ ಮಗಳಿದ್ದಾಳೆ, ಅಲ್ಲಿಗೆ ಹೋದರು ಎಂದು ಪಕ್ಕದವರು ಹೇಳಿದರು. ನಮಗೆ ಯಾರಿಗೂ ಹೇಳಿರಲಿಲ್ಲ.

ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟೆಲ್ಲ ಮಾಡಿದೆವು, ಒಂದು ಮಾತು ಹೇಳಿ ಹೋಗಬಾರದೇ? ಗಂಡನ ಮುಂದೆ ಕೂಗಾಡಿದೆ. "ಅವ್ರ ಪಾಡಿಗೆ ಅವ್ರು ಹೋಗಿದಾರೆ, ನಿಂದೇನೇ ಗಲಾಟೆ" ಎಂದರು. ಆದರೆ ಮುಂದಿನ ಶನಿವಾರ ಮೈದಾನದಲ್ಲಿ ಹೊಸದಾಗಿ ಬಂದ ತಾಯಿಯೊಬ್ಬಳು ಇಡೀ ಬೆಳಿಗ್ಗೆ ಕಾರಿನೊಳಗೇ ಕೂತಿದ್ದುದನ್ನು ನೋಡಿದೆ. ಯಾರೂ ಅವಳ ಕಿಟಕಿ ಬಡಿಯಲಿಲ್ಲ. ನಾನೇ ಬಡಿಯಬಹುದಿತ್ತು. ಬಡಿಯಲಿಲ್ಲ, ನನಗೆ ಅದು ಬರುವುದಿಲ್ಲ. ಆವತ್ತು ಮನೆಗೆ ಬಂದು ಅತ್ತುಬಿಟ್ಟೆ.

ಅದಾಗಿ ಎರಡು ವರ್ಷಕ್ಕೆ ಲೀಗಿನ ದೊಡ್ಡ ವಾರ್ಷಿಕೋತ್ಸವ ಬಂತು. ಸಮಿತಿಯವರು ಅವರನ್ನು ಮುಖ್ಯ ಅತಿಥಿಯಾಗಿ ಕರೆಸೋಣ ಎಂದರು. ಹೋಗಿ ಕರೆಯುವ ಕೆಲಸ ನಾನು ತೆಗೆದುಕೊಂಡೆ. ಕರೆತರುವುದು ಎಂದರೆ ನನ್ನ ಮನಸ್ಸಿನಲ್ಲಿ ಒಂದು ದಿನದ ಮಾತಲ್ಲ. ಮನೆ ಮಾರಿದರೆ ಏನಾಯಿತು, ನಮ್ಮ ಮನೆಯ ಕೆಳಗಿನ ಕೋಣೆ ಖಾಲಿ ಇದೆ, ಬೇಸಿಗೆಯಾದರೂ ಬಂದು ಇರಲಿ, ಶನಿವಾರ ಮತ್ತೆ ಮೈದಾನಕ್ಕೆ ಬರಲಿ. ಅದನ್ನು ಕೇಳಲೆಂದೇ ಶುಕ್ರವಾರ ರಜೆ ಹಾಕಿ ಒಬ್ಬಳೇ ಡ್ರೈವ್ ಮಾಡಿಕೊಂಡು ಹೊರಟೆ. ಹೆಚ್ಚುಕಡಿಮೆ ಮುನ್ನೂರು ಮೈಲಿ. ಇಂಡಿಯಾನಾದ ಲಾರಿಗಳ ಸಂದಣಿಯಲ್ಲಿ, ಕಲಮಜೂ ದಾಟಿದ ಮೇಲಿನ ಉದ್ದ ರಸ್ತೆಯಲ್ಲಿ, ಏನು ಹೇಳಬೇಕೆಂದು ಗಟ್ಟಿಯಾಗಿ ಅಭ್ಯಾಸ ಮಾಡಿದೆ. ರಾತ್ರಿ ಹೋಟೆಲಿನಲ್ಲಿ ತಂಗಿ ಬೆಳಿಗ್ಗೆ ಅವರ ಮಗಳ ಮನೆಗೆ ಹೋದೆ. ಮಿಶಿಗನ್ ಗಡಿಯಾರ ಒಂದು ಗಂಟೆ ಮುಂದು ಎನ್ನುವುದು ಕೈಗಡಿಯಾರಕ್ಕೆ ಗೊತ್ತಿರಲಿಲ್ಲ, ತಡವಾಗಿತ್ತು.

"ಅಪ್ಪ ಶಾಲೆಯ ಹಿಂದಿನ ಮೈದಾನದಲ್ಲಿದ್ದಾರೆ, ಶನಿವಾರ ಮನೆಯಲ್ಲಿ ಸಿಗುವುದಿಲ್ಲ" ಎಂದಳು ಮಗಳು.

ಮೈದಾನದಲ್ಲಿ ಸಣ್ಣ ಮಕ್ಕಳ ಆಟಕ್ಕೆ ತಯಾರಿ ನಡೆದಿತ್ತು. ಅವರು ಗೋಲಿನ ಹತ್ತಿರ ನೆಲದ ಮೇಲೆ ಮಂಡಿಯೂರಿ ಬಲೆಯ ಕೊಕ್ಕೆ ಸಿಕ್ಕಿಸುತ್ತಿದ್ದರು. ಬಡವಾಗಿದ್ದರು, ಅಂಗಿ ಹೆಗಲ ಮೇಲೆ ಸಡಿಲವಾಗಿತ್ತು. ನನ್ನನ್ನು ನೋಡಿ ಎದ್ದು ಎರಡೂ ಕೈ ಹಿಡಿದುಕೊಂಡರು. ನಾನು ಅಭ್ಯಾಸ ಮಾಡಿದ್ದೆಲ್ಲ ಮರೆತು ಸೀದಾ ಕೇಳಿದೆ, ನಮ್ಮನ್ನು ಬಿಟ್ಟು ಯಾಕೆ ಬಂದಿರಿ ಎಂದು.

ಅವರಿಗೆ ಆಶ್ಚರ್ಯವಾಯಿತು. "ನೀವೇ ಕಳಿಸಿಕೊಟ್ಟಿರಲ್ಲ" ಎಂದರು. "ನಾನಿದ್ದ ಫ್ಯಾಕ್ಟರಿಯಲ್ಲಿ ಒಬ್ಬನನ್ನು ನಡುವೆ ಕೂರಿಸಿ, ಹೊಗಳಿ, ಕೈಗೆ ಏನಾದರೂ ಕೊಟ್ಟರೆ, ನಾಳೆಯಿಂದ ಬರಬೇಡ ಎಂದು ಅರ್ಥ."

ಅಲ್ಲ ಅಂಕಲ್, ನಮ್ಮಲ್ಲಿ ಹಾಗಲ್ಲ, ಅದು ಗೌರವ, ಪ್ರೀತಿ ಎಂದು ನಾನು ಗಡಿಬಿಡಿಯಿಂದ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

"ಇರಬಹುದು" ಎಂದರು. "ನಾನೂ ಹಾಗೇ ಅಂದುಕೊಳ್ಳಲು ನೋಡಿದೆ. ಮಾರ್ಚ್ ತಿಂಗಳು ಪೂರ್ತಿ ಮನೆಯಲ್ಲೇ ಇದ್ದೆ, ಯಾರಾದರೂ ಫೋನ್ ಮಾಡಿ ಬಲೆ ಎಲ್ಲಿದೆ ಎಂದಾದರೂ ಕೇಳುತ್ತೀರಿ ಎಂದು. ನಿಮಗೆ ಎಲ್ಲವೂ ಸಿಕ್ಕಿತ್ತು."

ಹೌದು, ನಮಗೆ ಎಲ್ಲವೂ ಸಿಕ್ಕಿತ್ತು. ಸಿಗದಿದ್ದರೂ ಅವರನ್ನು ಕೇಳುತ್ತಿರಲಿಲ್ಲ, ಪಾಪ ಅಂಕಲ್‌ಗೆ ಯಾಕೆ ತೊಂದರೆ ಎಂದು.

ಅಷ್ಟರಲ್ಲಿ ಅತ್ತ ಕಡೆಯಿಂದ ಸಿಳ್ಳು ಕೇಳಿಸಿತು. ಕೋಚ್, ಚಿಕ್ಕ ವಯಸ್ಸಿನ ಹೆಂಗಸು, ಟೋಪಿ ಹಿಂದುಮುಂದಾಗಿ ಹಾಕಿಕೊಂಡವಳು, ಅಲ್ಲಿಂದಲೇ ಕೂಗಿದಳು. ಆ ಬಲೆ ತಲೆಕೆಳಗಾಗಿದೆ, ಬಿಚ್ಚಿ ಸರಿಯಾಗಿ ಕಟ್ಟು, ಬೇಗ, ಹರಟೆ ಆಮೇಲೆ.

ನನ್ನ ಮೈಯೆಲ್ಲ ಉರಿಯಿತು. ಅವಳು ಹುಟ್ಟುವ ಮೊದಲೇ ಈ ಮನುಷ್ಯ ಒಂದು ಊರಿಗೆ ಈ ಆಟ ಕಲಿಸಿದ್ದಾರೆ. ಇವರ ಅಜ್ಜ ಒಂದು ದೇಶಕ್ಕೆ ಕಲಿಸಿದವರಲ್ಲಿ ಒಬ್ಬರು. ಯಾರ ಜೊತೆ ಮಾತಾಡುತ್ತಿದ್ದಾಳೆ ಎನ್ನುವ ಖಬರಾದರೂ ಇದೆಯೇ ಇವಳಿಗೆ? ಹೇಳಿಯೇ ಬರುತ್ತೇನೆ ಎಂದು ಎರಡು ಹೆಜ್ಜೆ ಇಟ್ಟೆ. ಅವರು ನನ್ನ ತೋಳು ಹಿಡಿದು ನಿಲ್ಲಿಸಿದರು. ಹಿಡಿತ ಗಟ್ಟಿಯಾಗಿತ್ತು.

"ಬೇಡ. ದಯವಿಟ್ಟು ನಾನು ಯಾರು ಅಂತ ಅವಳಿಗೆ ಹೇಳಬೇಡ" ಎಂದರು. "ಗೊತ್ತಾದರೆ ಮುಂದಿನ ವಾರದಿಂದ ನನಗೆ ಕೆಲಸ ಹೇಳುವುದಿಲ್ಲ."

ಅವರ ಕಣ್ಣಲ್ಲಿ ಹೆದರಿಕೆ ಇತ್ತು. ನನ್ನ ಬಗ್ಗೆ ಹೆದರಿಕೆ. ಇಷ್ಟು ದೂರ ಹುಡುಕಿಕೊಂಡು ಬಂದು ಇದನ್ನೂ ಕಸಿದುಕೊಂಡು ಹೋಗುತ್ತಾಳೋ ಎಂದು.

ನಾನು ಹೇಳಲಿಲ್ಲ. ಅವರು ಮತ್ತೆ ಮಂಡಿಯೂರಿ ಕಟ್ಟಿದ ಕೊಕ್ಕೆಗಳನ್ನೆಲ್ಲ ಬಿಚ್ಚಿದರು. ಮಂಡಿ ನೋಯುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು. ನಾನು ಕೈ ಹಾಕಲು ಹೋಗಿ ಹಿಂದೆ ಎಳೆದುಕೊಂಡೆ, ಅಷ್ಟು ಮಾತ್ರ ಕಲಿತಿದ್ದೆ. ಆಟ ಮುಗಿಯುವವರೆಗೂ ಬೇಲಿಯ ಹೊರಗೆ ನಿಂತಿದ್ದೆ. ವಾರ್ಷಿಕೋತ್ಸವದ ಮಾತು, ಮುಖ್ಯ ಅತಿಥಿಯ ಮಾತು, ಕೆಳಗಿನ ಕೋಣೆಯ ಮಾತು ಯಾವುದನ್ನೂ ಎತ್ತಲಿಲ್ಲ. ಹೊರಡುವಾಗ ಅವರು ಕೈ ಬೀಸಿದರು, ಆದರೆ ಅರ್ಧಕ್ಕೇ ಆ ಹೆಂಗಸು ಮತ್ತೆ ಏನೋ ಕೂಗಿದಳು, ಆ ಕಡೆ ಹೊರಟರು.

ಆ್ಯನ್ ಆರ್ಬರ್ ಹತ್ತಿರ ಗಂಡನ ಫೋನು ಬಂತು. ಒಪ್ಪಿದರೇ, ಸಮಿತಿಯವರಿಗೆ ಏನು ಹೇಳಲಿ ಎಂದು ಕೇಳಿದರು. ಮುಂದಿನ ಎಕ್ಸಿಟ್‌ನಲ್ಲಿ ಹೆದ್ದಾರಿ ಇಳಿದು ಕಾರು ನಿಲ್ಲಿಸಿದೆ.

"ಬರೂದಿಲ್ಲ ಅಂತ ಹೇಳ್ರಿ" ಎಂದೆ. "ಅವರಿಗೆ ಶನಿವಾರ ಕೆಲಸ ಐತಿ."